ಹಳೆ ಜೆಸಿಬಿ ತಗೊಂಡು ರಿಪೇರಿ ಮಾಡಿಸಿ ಸ್ವಂತ ಜಮೀನಿಗೆ ಇಟ್ಟುಕೊಳ್ಳುವುದು: ಅನುಭವ ಇದ್ದವರು ಹೇಳಿ

ಹೊಳಲ್ಕೆರೆ ತೋಟ

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮದು ಹದಿನಾಲ್ಕು ಎಕರೆ. ಆರು ಎಕರೆ ಅಡಿಕೆ, ಉಳಿದದ್ದರಲ್ಲಿ ಮೆಕ್ಕೆಜೋಳ. ಒಂದಷ್ಟು ಗರಸು ನೆಲ ಸುಮ್ನೆ ಬಿದ್ದಿದೆ. ನಾನು, ನಮ್ಮ ಅಣ್ಣ ಒಟ್ಟಿಗೇ ಬೇಸಾಯ ಮಾಡುತ್ತೇವೆ. ಮುಂದಿನ ಎರಡು ಮೂರು ವರ್ಷ ಮಣ್ಣಿನ ಕೆಲಸ ಬಹಳ ಇದೆ. ದೊಡ್ಡ ಕೃಷಿ ಹೊಂಡ ತೆಗೆಯಬೇಕು. ಬಿದ್ದಿರುವ ನೆಲ ಮಟ್ಟ ಮಾಡಿ ಕೆರೆ ಮಣ್ಣು ಹೊಡೆಸಬೇಕು. ಬೋರಿನಿಂದ ಪೈಪ್‌ಲೈನ್, ಬಸಿಗಾಲುವೆ, ಹಳೆ ಬದು ಕಿತ್ತು ಹೊಸದು ಹಾಕುವುದು ಎಲ್ಲ ಬಾಕಿ ಇದೆ.

ಬಾಡಿಗೆಗೆ ಕೇಳಿದರೆ ನಮ್ಮ ಕಡೆ ಗಂಟೆಗೆ ಸಾವಿರದ ಇನ್ನೂರು ಹೇಳುತ್ತಾರೆ. ಕೊಡೋಣ ಅಂದರೂ ಬಿತ್ತನೆಗೆ ಮುಂಚೆ ಗಾಡಿ ಸಿಗುವುದಿಲ್ಲ. ಬರುತ್ತೇನೆ ಅಂದವರು ವಾರ ಬಿಟ್ಟು ಬರುತ್ತಾರೆ, ಅಷ್ಟರಲ್ಲಿ ಮಳೆ ಬಂದಿರುತ್ತದೆ.

ಅದಕ್ಕೆ ಹಳೆಯದೊಂದು ತಗೊಳ್ಳೋಣ ಅಂತ ಯೋಚನೆ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು ದಾವಣಗೆರೆ ಹತ್ತಿರ, 2009ರ 3ಡಿಎಕ್ಸ್ (ಜೆಸಿಬಿಯ ಮಾಡೆಲ್), ಬಣ್ಣ ಮಾಸಿದೆ, ಏಳು ಲಕ್ಷ ಹೇಳುತ್ತಾರೆ. ಇನ್ನೊಂದು ಚಳ್ಳಕೆರೆ ಕಡೆ, ಅದಕ್ಕಿಂತ ಹಳೆಯದು, ಐದು ಲಕ್ಷ. ಆದರೆ ಪೂರ್ತಿ ಹೊಸ ಬಣ್ಣ, ನೋಡಲು ಚೆನ್ನಾಗಿದೆ. ಅಣ್ಣ ಟ್ರ್ಯಾಕ್ಟರ್ ಕೆಲಸ ಸ್ವಂತ ಮಾಡಿಕೊಳ್ಳುತ್ತಾರೆ, ವೆಲ್ಡಿಂಗ್ ಕೂಡ ಬರುತ್ತದೆ. ಏನು ನೋಡಬೇಕು, ಯಾವುದಕ್ಕೆ ಕೈ ಹಾಕಬಾರದು, ದಯವಿಟ್ಟು ಹೇಳಿ.

ಜಗಳೂರು ಆಪರೇಟರ್

ಅಣ್ಣ, ಗಾಡಿ ನೋಡುವುದಕ್ಕೆ ಮುಂಚೆ ಗಂಟೆ ಲೆಕ್ಕ ಹಾಕೋಣ. ನಿಮ್ಮ ಕೆಲಸಗಳಲ್ಲಿ ದೊಡ್ಡದು ಹೊಂಡ. 21 ಮೀಟರ್ ಚೌಕ, 3 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ಬದಿ ಕುಸಿಯದಂತೆ ಒಂದಕ್ಕೆ ಒಂದು ಇಳಿಜಾರು ಕೊಟ್ಟರೆ ತಳ 15 ಮೀಟರ್ ಚೌಕ ಆಗುತ್ತದೆ. ತೆಗೆಯಬೇಕಾದ ಮಣ್ಣು ಸುಮಾರು 980 ಘನ ಮೀಟರ್. ಹಿಂದಿನ ಬಕೆಟ್ ಒಂದು ಸಲಕ್ಕೆ ಹೆಚ್ಚೂ ಕಡಿಮೆ ಕಾಲು ಘನ ಮೀಟರ್ ಎತ್ತುತ್ತದೆ. ಅಂದರೆ ನಾಲ್ಕು ಸಾವಿರ ಬಕೆಟ್ ಹತ್ತಿರ. ಮಣ್ಣು ಮೆತ್ತಗಿದ್ದು, ಕೂತವನ ಕೈ ಪಳಗಿದ್ದರೆ ನಿಮಿಷಕ್ಕೆ ಎರಡು ಮೂರು ಬಕೆಟ್ ಬೀಳುತ್ತದೆ. ಬರೀ ತೋಡುವುದಕ್ಕೇ ಇಪ್ಪತ್ತೈದು ಮೂವತ್ತು ಗಂಟೆ. ತೋಡಿದ ಮಣ್ಣನ್ನು ಮುಂದಿನ ಬಕೆಟ್‌ನಲ್ಲಿ ತಳ್ಳಿ ಏರಿ ಕಟ್ಟುವುದಕ್ಕೆ ಮತ್ತೆ ಅಷ್ಟೇ. ಅರವತ್ತು ಗಂಟೆ ಅಂದರೆ ಬಾಡಿಗೆ ಎಪ್ಪತ್ತೆರಡು ಸಾವಿರ.

ಎಲ್ಲ ಕೆಲಸ ಸೇರಿಸಿ ಮೂರು ವರ್ಷಕ್ಕೆ ಮುನ್ನೂರು ಗಂಟೆ ಅಂದುಕೊಳ್ಳೋಣ. ಬಾಡಿಗೆಗೆ ಮೂರು ಲಕ್ಷದ ಅರವತ್ತು ಸಾವಿರ. ಅದರಲ್ಲಿ ಡೀಸೆಲ್, ಆಪರೇಟರ್, ರಿಪೇರಿ ಎಲ್ಲ ಅವರದೇ. ಸ್ವಂತ ಗಾಡಿಯಾದರೆ ಗಂಟೆಗೆ ನಾಲ್ಕರಿಂದ ಆರು ಲೀಟರ್ ಡೀಸೆಲ್ ನಿಮ್ಮ ತಲೆ ಮೇಲೆ. ಲೀಟರಿಗೆ ತೊಂಬತ್ತು ಹಿಡಿದರೂ ಡೀಸೆಲ್‌ಗೇ ಒಂದೂಕಾಲು ಲಕ್ಷ ದಾಟುತ್ತದೆ. ನಿಮಗೆ ಉಳಿಯುವುದು ಎರಡು ಲಕ್ಷ ಚಿಲ್ಲರೆ. ಆ ದುಡ್ಡಿನಲ್ಲೇ ರಿಪೇರಿ, ಇನ್ಶೂರೆನ್ಸ್, ಟೈರ್ ಎಲ್ಲ ಆಗಬೇಕು. ಮೂರು ವರ್ಷ ಆದ ಮೇಲೆ ಮಾರಿದಾಗ ಹಾಕಿದ ಅಸಲು ಬಂದರೆ ಮಾತ್ರ ಲಾಭ.

ಇನ್ನೊಂದು ಮಾತು. ಗರಸು ಕೆಳಗೆ ಏನಿದೆ ಅಂತ ಪಕ್ಕದ ಬಾವಿ ನೋಡಿ ತಿಳಿದುಕೊಳ್ಳಿ. ಬಂಡೆ ಸಿಕ್ಕರೆ ಬಕೆಟ್ ಕೈಯಲ್ಲಿ ಆಗುವುದಿಲ್ಲ, ಬ್ರೇಕರ್ ಬೇಕು. ಹಳೆ ಗಾಡಿಗೆ ಬ್ರೇಕರ್ ಹಾಕಿ ಹೊಡೆಸಿದರೆ ಜಾಯಿಂಟುಗಳ ಪಿನ್ನು, ಅದು ಕೂರುವ ಬುಷ್ಷು ಎಲ್ಲ ಸಡಿಲ ಆಗುತ್ತವೆ. ಆ ಕೆಲಸ ಬಾಡಿಗೆಯವರಿಗೇ ಬಿಡಿ.

ಚನ್ನಗಿರಿ ಅಡಿಕೆ

ಅಡಿಕೆ ತೋಟದ ಒಳಗೆ ಕೆಲಸ ಇದೆ ಅಂತ ಲೆಕ್ಕ ಹಾಕಿದ್ದರೆ ಅದನ್ನು ತೆಗೆದು ಬಿಡಿ. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ಏಳು ಅಡಿಗಿಂತ ಅಗಲ ಇರುವ ಗಾಡಿ ನೇರ ಹೋಗಬಹುದು, ಆದರೆ ತಿರುಗುವುದಕ್ಕಾಗಲಿ ಹಿಂದಿನ ದೊಡ್ಡ ತೋಳು, ಅಂದರೆ ಬೂಮ್ ಬೀಸುವುದಕ್ಕಾಗಲಿ ಜಾಗ ಇರುವುದಿಲ್ಲ. ತೂಕ ಏಳೂವರೆ ಟನ್ ಹತ್ತಿರ. ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಇರುವಂಥದ್ದು. ನೆಲ ಹಸಿ ಇದ್ದಾಗ ಒಂದು ಸಲ ಓಡಾಡಿದರೂ ಮಣ್ಣು ಗಟ್ಟಿಯಾಗಿ ಬಸಿಯುವುದೇ ನಿಲ್ಲುತ್ತದೆ. ನಮ್ಮ ಕಡೆ ತೋಟದೊಳಗಿನ ಬಸಿಗಾಲುವೆಗೆ ಚೈನ್ ಇರುವ ಸಣ್ಣ ಯಂತ್ರ ಬಾಡಿಗೆಗೆ ಕರೆಸುತ್ತಾರೆ. ಅದೇ ಸರಿ.

ನನ್ನ ಅಭಿಪ್ರಾಯ ಕೇಳಿದರೆ ತಗೊಳ್ಳಬೇಡಿ. ನಾಲ್ಕು ಜನ ಸೇರಿ ಬೇಸಿಗೆಯಲ್ಲಿ ಒಂದೇ ಗಾಡಿಯನ್ನು ಹದಿನೈದು ದಿನಕ್ಕೆ ಹಿಡಿದಿಟ್ಟುಕೊಂಡರೆ ರೇಟೂ ಇಳಿಯುತ್ತದೆ, ಗಾಡಿಯೂ ಕೈಗೆ ಸಿಗುತ್ತದೆ.

ಪಿ.ಬಿ. ರಸ್ತೆ ಗ್ಯಾರೇಜ್

ಚನ್ನಗಿರಿಯವರ ಮಾತು ಬಹಳ ಜನಕ್ಕೆ ಸರಿ. ಆದರೆ ಮನೆಯಲ್ಲಿ ಸ್ಪ್ಯಾನರ್ ಹಿಡಿಯುವವರು ಇದ್ದಾರೆ, ಕೆಲಸ ಮೂರು ವರ್ಷ ಇದೆ ಅಂತ ಹೇಳಿದ್ದಾರೆ. ಅಂಥವರಿಗೆ ಹಳೆ ಗಾಡಿ ಆಗುತ್ತದೆ ಅಂತ ನನ್ನ ನಂಬಿಕೆ. ಗಾಡಿ ಆರಿಸುವುದರಲ್ಲೇ ಎಲ್ಲ ಇದೆ. ಬೆಲೆಯ ಮೂರನೇ ಒಂದು ಪಾಲಿನಷ್ಟು ದುಡ್ಡು ರಿಪೇರಿಗೆ ಬೇರೆ ಎತ್ತಿಟ್ಟಿರಬೇಕು. ಕೈಯಲ್ಲಿ ಏಳು ಲಕ್ಷ ಇದ್ದರೆ ಐದೂಕಾಲು ಲಕ್ಷದ ಗಾಡಿ ನೋಡಿ.

ಹಳೆಯದು ಅಂದರೆ ಹೆದರಬೇಡಿ. 2009ರ ಎಂಜಿನ್‌ನಲ್ಲಿ ಡೀಸೆಲ್ ಪಂಪ್ ಬರೀ ಮೆಕ್ಯಾನಿಕಲ್, ಕಂಪ್ಯೂಟರ್ ಇಲ್ಲ. 2021ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್ 4 ನಿಯಮ ಬಂದ ಮೇಲಿನ ಗಾಡಿಗಳಿಗೆ ಲ್ಯಾಪ್‌ಟಾಪ್ ಹಾಕದೆ ಎಷ್ಟೋ ದೋಷ ಗೊತ್ತಾಗುವುದಿಲ್ಲ. ಹಳೆಯದರಲ್ಲಿ ಕಿವಿ, ಕಣ್ಣು, ಕೈ ಸಾಕು.

ನೋಡಲು ಹೋಗುವಾಗ ಬೆಳಗ್ಗೆ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿ. ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮಗಿಂತ ಮುಂಚೆ ಯಾರೋ ಎಬ್ಬಿಸಿದ್ದಾರೆ ಅಂತ ಅರ್ಥ. ತಣ್ಣಗಿರುವಾಗ ಎಷ್ಟು ಸಲ ಸೆಲ್ಫ್ ಹೊಡೆದರೆ ಹತ್ತುತ್ತದೆ, ಹೊಗೆ ಯಾವ ಬಣ್ಣ ನೋಡಿ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ಹೋದರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಅಲ್ಲಿಂದ ಬುಸುಬುಸು ಅಂತ ಹೊಗೆ ಒತ್ತಿ ಬಂದರೆ ರಿಂಗು, ಲೈನರ್ ಮುಗಿದಿವೆ. ರೇಡಿಯೇಟರ್ ನೀರನ್ನು ಮಾತ್ರ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ಮುಖ್ಯ ಪರೀಕ್ಷೆ ಇನ್ನು ಬರುತ್ತದೆ. ಹೈಡ್ರಾಲಿಕ್ ಪಂಪ್ ಸವೆದ ಗಾಡಿ ತಣ್ಣಗಿರುವಾಗ ಬಹಳ ಜೋರಾಗಿ ಕೆಲಸ ಮಾಡುತ್ತದೆ. ಎಣ್ಣೆ ದಪ್ಪ ಇರುವುದರಿಂದ ಸವೆದ ಜಾಗದಲ್ಲಿ ಜಾಸ್ತಿ ಸೋರುವುದಿಲ್ಲ. ಒಂದು ಗಂಟೆ ಬಿಡದೆ ತೋಡಿಸಿ. ಎಣ್ಣೆ ಬಿಸಿಯಾಗಿ ತೆಳುವಾದಾಗ ಬೂಮ್ ಏಳುವುದು ನಿಧಾನ ಆಯಿತಾ, ಎರಡು ಕೆಲಸ ಒಟ್ಟಿಗೆ ಕೊಟ್ಟರೆ ಒಂದು ನಿಂತೇ ಹೋಗುತ್ತಾ ನೋಡಿ. ಹತ್ತು ನಿಮಿಷ ಓಡಿಸಿ ತೋರಿಸಿ ದುಡ್ಡು ಕೇಳುವವರ ಹತ್ತಿರ ವ್ಯಾಪಾರ ಬೇಡ. ಡೀಸೆಲ್ ನಾನೇ ಹಾಕಿಸುತ್ತೇನೆ, ಒಂದು ಗಂಟೆ ಓಡಿಸಿ ಅನ್ನಿ.

ಆಮೇಲೆ ಮುಂದಿನ ಬಕೆಟ್ ತುಂಬ ಮಣ್ಣು ತುಂಬಿ ಎತ್ತಿ, ಎಂಜಿನ್ ನಿಲ್ಲಿಸಿ, ಎಲ್ಲರೂ ದೂರ ಬಂದು ನೋಡಿ. ತಾನಾಗಿ ಇಳಿಯುತ್ತಾ ಬಂದರೆ ಸಿಲಿಂಡರ್ ಸೀಲ್ ಅಥವಾ ಲಿವರ್ ಆಡಿಸಿದಂತೆ ಎಣ್ಣೆ ಹಂಚುವ ವಾಲ್ವ್ ಬ್ಲಾಕ್ ಸೋರುತ್ತಿದೆ. ಸೀಲ್ ಆದರೆ ಸಣ್ಣ ಖರ್ಚು, ವಾಲ್ವ್ ಬ್ಲಾಕ್ ಆದರೆ ದೊಡ್ಡದು. ಸಿಲಿಂಡರ್ ರಾಡ್ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಸಿಗುವಂಥ ಗೀರು ಇದ್ದರೆ ಹೊಸ ಸೀಲ್ ಹಾಕಿದರೂ ಬೇಗ ಹರಿಯುತ್ತದೆ. ಇದನ್ನು ನೋಡುವಾಗ ಬಕೆಟ್ ನೆಲದ ಮೇಲಿರಬೇಕು, ಎಂಜಿನ್ ನಿಂತಿರಬೇಕು.

ಗೇರ್ ವಿಷಯ: ಮುಂದಕ್ಕೆ, ಹಿಂದಕ್ಕೆ ಲಿವರ್ ಹಾಕಿದ ತಕ್ಷಣ ಗಾಡಿ ಎಳೆಯಬೇಕು. ಯೋಚನೆ ಮಾಡಿಕೊಂಡು ಆಮೇಲೆ ಎಳೆದರೆ, ಏರಿನಲ್ಲಿ ಎಂಜಿನ್ ಸದ್ದು ಏರಿದರೂ ಗಾಡಿ ಹೋಗದಿದ್ದರೆ, ಕ್ಲಚ್ ಪ್ಲೇಟ್ ಹೋಗಿದೆ. ಗೇರ್ ಎಣ್ಣೆಯ ಕಡ್ಡಿ ಎಳೆದು ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಬೆಲೆ ಇಳಿಸಿಕೊಳ್ಳುವುದಲ್ಲ, ಗಾಡಿಯನ್ನೇ ಬಿಟ್ಟು ಬನ್ನಿ.

ಅವರ್ ಮೀಟರ್ ನಂಬಬೇಡಿ. ಅದನ್ನು ಬದಲಿಸುವುದು ಸುಲಭ. ಪೆಡಲ್ ರಬ್ಬರ್, ಲಿವರ್ ಗುಂಡು, ಸೀಟಿನ ಕೆಳಗಿನ ಕಬ್ಬಿಣ ಸವೆದಿರುವುದು ನಿಜ ಹೇಳುತ್ತವೆ.

ಚಳ್ಳಕೆರೆ ಗಾಡಿಯ ಹೊಸ ಬಣ್ಣ ನನಗೆ ಇಷ್ಟ ಆಗಲಿಲ್ಲ. ಹಿಂದೆ ಬೂಮ್ ಕೂರುವ ಕಿಂಗ್ ಪೋಸ್ಟ್ ಸುತ್ತ, ಚಾಸಿಸ್ ಹಿಂಭಾಗ, ಮುಂದಿನ ತೋಳು ಕೂರುವ ಕಂಬ, ಡಿಪ್ಪರ್ (ಬೂಮ್‌ಗೂ ಹಿಂದಿನ ಬಕೆಟ್‌ಗೂ ನಡುವಿನ ತೋಳು) ಕೆಳಗಿನ ವೆಲ್ಡಿಂಗ್, ಈ ಜಾಗಗಳಲ್ಲಿ ಬಟ್ಟೆಯಿಂದ ಒರೆಸಿ ಟಾರ್ಚ್ ಹಾಕಿ ನೋಡಿ. ಬಿರುಕು ಇದ್ದರೆ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಬಂದು, ಅದರಿಂದ ತುಕ್ಕು ಇಳಿದಿರುತ್ತದೆ. ಬಣ್ಣ ತೀರಾ ಹೊಸದಾದರೆ ಅದೂ ಕಾಣಿಸುವುದಿಲ್ಲ. ಮಾಸಿದ ಬಣ್ಣದ ಗಾಡಿ ಇದ್ದದ್ದು ಇದ್ದ ಹಾಗೆ ತೋರಿಸುತ್ತದೆ.

ಹರಿಹರ ಲೇತ್

ಪಿನ್ ಬುಷ್ ಬಗ್ಗೆ ನಾನು ಹೇಳುತ್ತೇನೆ. ಹಿಂದಿನ ಬಕೆಟ್ ನೆಲಕ್ಕೆ ಮುಟ್ಟಿಸಿ, ಬೂಮ್ ಅನ್ನು ಒಂದಿಷ್ಟೇ ಮೇಲೆ ಕೆಳಗೆ ಆಡಿಸಲು ಹೇಳಿ. ನೀವು ಬೂಮ್ ತಿರುಗುವ ಜಾಗದಿಂದ ಆಚೆ ನಿಂತು ಒಂದೊಂದು ಜಾಯಿಂಟ್ ನೋಡಿ. ಕಿಂಗ್ ಪೋಸ್ಟ್‌ನಲ್ಲಿ ಟಕ್ ಟಕ್ ಅಂತ ಆಡಿದರೆ ಖರ್ಚು ಅಲ್ಲಿದೆ.

ಬರೀ ಬುಷ್ ಸವೆದಿದ್ದರೆ ಹೊಡೆದು ತೆಗೆದು ಹೊಸದು ಹಾಕಬಹುದು. ಗ್ರೀಸ್ ಇಲ್ಲದೆ ಓಡಿಸಿ ತೂತೇ ಮೊಟ್ಟೆ ಆಕಾರ ಆಗಿದ್ದರೆ ಹೊಸ ಬುಷ್ ನಿಲ್ಲುವುದಿಲ್ಲ. ತೂತಿನೊಳಗೆ ವೆಲ್ಡಿಂಗ್ ತುಂಬಿಸಿ, ಲೈನ್ ಬೋರಿಂಗ್ ಮಾಡಿ, ಎರಡೂ ಕಡೆಯ ತೂತು ಒಂದೇ ನೇರಕ್ಕೆ ತಂದು ಬುಷ್ ಕೂರಿಸಬೇಕು. ಕೆಲವರು ಸಂದಿಗೆ ತೆಳು ತಗಡಿನ ಶಿಮ್ ತುಂಡು ಹಾಕಿ, ಪಿನ್ ಸುತ್ತ ವೆಲ್ಡ್ ಹೊಡೆದು ಸದ್ದು ನಿಲ್ಲಿಸಿ ಮಾರುತ್ತಾರೆ. ಪಿನ್ ತಲೆ ಹತ್ತಿರ ವೆಲ್ಡಿಂಗ್ ಗುರುತು ಇದೆಯಾ ನೋಡಿ.

ನಮ್ಮ ಊರಲ್ಲಿ ಈ ಕೆಲಸಕ್ಕೆ ಕೈಗಳು ಇವೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಕಾಲದಿಂದ ಇಲ್ಲಿ ಲೇತ್ ಕೆಲಸ ಬೇರೂರಿದೆ. ಕಾರ್ಖಾನೆ ಹೋಯಿತು, ಕೆಲಸ ಕಲಿತ ಮನೆಗಳು ಉಳಿದಿವೆ. ಪಿನ್ ಮಾಡಿಸುವಾಗ ಒಳ್ಳೆ ಉಕ್ಕು ಹಾಕಿ, ಮೇಲ್ಮೈ ಗಟ್ಟಿ ಮಾಡಿಸಿದ್ದಾರಾ ಕೇಳಿ. ಮೆತ್ತನೆ ಸರಳು ಕಡಿದು ತಿರುಗಿಸಿ ಕೊಟ್ಟ ಪಿನ್ ಒಂದು ಬೇಸಿಗೆಗೂ ಬರುವುದಿಲ್ಲ. ಗ್ರೀಸ್ ಹೋಗುವ ದಾರಿ ಕೊರೆದಿರಬೇಕು, ಅದನ್ನೂ ನೋಡಿ.

ಹೊಳಲ್ಕೆರೆ ತೋಟ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ತೋಟದೊಳಗಿನ ಕೆಲಸ ಲೆಕ್ಕದಿಂದ ತೆಗೆದೆವು. ಆದರೂ ಹೊಂಡ, ನೆಲ ಮಟ್ಟ, ಬದು ಸೇರಿ ಇನ್ನೂರೈವತ್ತು ಗಂಟೆ ಇದ್ದೇ ಇದೆ. ಪಕ್ಕದ ಊರಲ್ಲಿ ಬೇರೆ ಕಂಪನಿಯ ಹಳೆ ಟೆರೆಕ್ಸ್ 740 ಕೂಡ ಕಮ್ಮಿಗೆ ಸಿಗುತ್ತದೆ ಅಂತ ಹೇಳುತ್ತಿದ್ದಾರೆ. ಅದು ಹೇಗೆ?

ಪಿ.ಬಿ. ರಸ್ತೆ ಗ್ಯಾರೇಜ್

ಗಾಡಿ ಕೆಟ್ಟದ್ದಲ್ಲ. ಆ ಕಂಪನಿಯ ಗ್ರೇಟರ್ ನೋಯ್ಡಾ ಕಾರ್ಖಾನೆಯನ್ನು 2017ರಲ್ಲಿ ಮ್ಯಾನಿಟೂ ತಗೊಂಡಿತು. ಆದರೆ ಸ್ವಂತಕ್ಕೆ ಇಟ್ಟುಕೊಳ್ಳುವವರಿಗೆ ಬಿಡಿಭಾಗ ಎಷ್ಟು ಹತ್ತಿರ ಸಿಗುತ್ತದೆ ಅನ್ನುವುದೇ ಮುಖ್ಯ. ಜೆಸಿಬಿ ಸಾಮಾನು ದಾವಣಗೆರೆಯಲ್ಲಿ ಒರಿಜಿನಲ್ಲೂ ಸಿಗುತ್ತದೆ, ಬೇರೆ ಕಂಪನಿಯವರು ಮಾಡಿದ್ದೂ ಸಿಗುತ್ತದೆ. ಗುಜರಿಯಲ್ಲೂ ಸಿಗುತ್ತದೆ. ಕೇಸ್ 770, ಮಹೀಂದ್ರಾ ಅರ್ಥ್‌ಮಾಸ್ಟರ್ ತಗೊಳ್ಳುವವರೂ ಮೊದಲು ಅಂಗಡಿಗೆ ಹೋಗಿ ಪಂಪ್ ಸೀಲ್ ಕಿಟ್ ಇದೆಯಾ ಅಂತ ಒಂದು ಮಾತು ಕೇಳಿ, ಆಮೇಲೆ ಗಾಡಿ ನೋಡಲಿ.

ಕೆಎ-16 ದಾಖಲೆ

ಯಾರೂ ಕಾಗದದ ವಿಷಯ ಎತ್ತಲಿಲ್ಲ. 2009ರ ಗಾಡಿ ಅಂದಿರಲ್ಲ, ಆರ್‌ಸಿ ಎಲ್ಲಿಯವರೆಗೆ ಇದೆ ನೋಡಿದಿರಾ? ನಿಯಮದ ಪ್ರಕಾರ ಇಂಥ ಯಂತ್ರ ಸಾರಿಗೆಯೇತರ ವಾಹನದ ಲೆಕ್ಕಕ್ಕೆ ಬರುತ್ತದೆ. ನೋಂದಣಿ ಹದಿನೈದು ವರ್ಷ. 2009ರದ್ದು 2024ಕ್ಕೇ ಮುಗಿದಿದೆ. ನವೀಕರಣ ಆಗಿದ್ದರೆ ಐದು ವರ್ಷ ಸಿಕ್ಕಿರುತ್ತದೆ. ಆಗಿಲ್ಲದಿದ್ದರೆ ಫಾರ್ಮ್ 25 ಹಾಕಿ, ಗಾಡಿ ಆರ್‌ಟಿಒಗೆ ತೋರಿಸಿ ಮಾಡಿಸಬೇಕು. ಮಾರುವವರೇ ಮಾಡಿಸಿ ಕೊಡಲಿ, ಅಥವಾ ಆ ಖರ್ಚು ಬೆಲೆಯಲ್ಲಿ ಇಳಿಸಲಿ.

ವರ್ಗಾವಣೆಗೆ ಫಾರ್ಮ್ 29, 30. ಆರ್‌ಸಿಯಲ್ಲಿ ಸಾಲದ ಹೆಸರು ಇದ್ದರೆ ಫಾರ್ಮ್ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ ಬೇಕೇ ಬೇಕು. ಸಾಲ ತೀರಿದೆ, ಕಾಗದ ಮನೆಯಲ್ಲಿದೆ ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಹೊರ ರಾಜ್ಯದ ಗಾಡಿಯಾದರೆ ಫಾರ್ಮ್ 28ರ ಎನ್‌ಒಸಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ನೀವೇ ಬಗ್ಗಿ ಓದಿ ಆರ್‌ಸಿ ಜೊತೆ ತಾಳೆ ನೋಡಿ. ಎಂಜಿನ್ ಬದಲಾಗಿದ್ದು ಆರ್‌ಸಿಯಲ್ಲಿ ಹಳೆಯದೇ ಇದ್ದರೆ ಮುಂದೆ ನಿಮಗೇ ತೊಂದರೆ. ಜಮೀನಿನಲ್ಲೇ ಓಡಿಸುವುದು, ಇನ್ಶೂರೆನ್ಸ್ ಯಾಕೆ ಅನ್ನಬೇಡಿ. ಒಂದು ಜಮೀನಿನಿಂದ ಇನ್ನೊಂದಕ್ಕೆ ರಸ್ತೆ ದಾಟಿಯೇ ಹೋಗಬೇಕಲ್ವಾ?

ಕೆರೆ ಮಣ್ಣಿಗೆ ಪಂಚಾಯಿತಿಯದೋ ಸಣ್ಣ ನೀರಾವರಿಯವರದೋ, ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ತಗೊಳ್ಳಿ. ಸ್ವಂತ ಗಾಡಿ ಇದೆ ಅಂತ ನೇರ ಇಳಿಸಿದರೆ ಗಾಡಿ ಠಾಣೆ ಮುಂದೆ ನಿಲ್ಲುತ್ತದೆ.

ಹೊಸದುರ್ಗ ತೆಂಗು

ನಮ್ಮ ಮನೆಯವರೂ ನಾನೂ ಹಳೆ 3ಡಿಎಕ್ಸ್ ಒಂದನ್ನು ತೋಟಕ್ಕೆ ಇಟ್ಟುಕೊಂಡಿದ್ದೇವೆ. ಅದನ್ನು ಓಡಿಸುವುದು ನಾನೇ. ತಗೊಂಡ ಮೇಲಿನ ವಿಷಯ ಹೇಳುತ್ತೇನೆ ತಮ್ಮ.

ಬಾಡಿಗೆ ಗಾಡಿ ಸವೆದು ಹಾಳಾಗುತ್ತದೆ, ಮನೆ ಗಾಡಿ ನಿಂತು ಹಾಳಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಸಿಲಿಂಡರಿನ ಹೊರಗಿರುವ ಹೊಳೆಯುವ ರಾಡ್ ತುಕ್ಕು ಹಿಡಿದು, ಮತ್ತೆ ಓಡಿಸಿದ ದಿನವೇ ಸೀಲ್ ಕತ್ತರಿಸುತ್ತದೆ. ನಿಲ್ಲಿಸುವಾಗ ರಾಡ್ ಎಷ್ಟು ಒಳಗೆ ಹೋಗುತ್ತದೋ ಅಷ್ಟು ಎಳೆದು, ಹೊರಗೆ ಉಳಿದಿದ್ದಕ್ಕೆ ಗ್ರೀಸ್ ಸವರಿ. ಶೆಡ್ ಇಲ್ಲದಿದ್ದರೆ ತಗಡಾದರೂ ಹಾಕಿ. ಹದಿನೈದು ದಿನಕ್ಕೊಮ್ಮೆ ಎಬ್ಬಿಸಿ ಎಲ್ಲ ಲಿವರ್ ಆಡಿಸಿ.

ಗ್ರೀಸ್ ಪ್ರತಿ ದಿನ ಕೆಲಸಕ್ಕೆ ಮುಂಚೆ. ಹಳೆ ಕಪ್ಪು ಗ್ರೀಸ್ ಮಣ್ಣಿನ ಸಮೇತ ಹೊರಗೆ ಬಂದು, ಹಿಂದೆ ಹೊಸದು ಕಾಣುವವರೆಗೆ ಒತ್ತಬೇಕು. ಒಂದು ನಿಪ್ಪಲ್ ತಗೊಳ್ಳಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬಾರದು, ಬಿಚ್ಚಿ ದಾರಿ ಬಿಡಿಸಿ.

ಬ್ರೇಕ್ ಎಣ್ಣೆ ಬಗ್ಗೆ ಇದನ್ನು ದಯವಿಟ್ಟು ನೆನಪಿಡಿ. ಜೆಸಿಬಿ ಬ್ರೇಕಿಗೆ ಹಾಕುವುದು ಮಿನರಲ್ ಆಯಿಲ್. ಕಾರು, ಲಾರಿಗೆ ಹಾಕುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಎಲ್ಲ ಉಬ್ಬಿ ಕೆಟ್ಟು ಹೋಗುತ್ತವೆ. ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಸುರಿಯುವವರು ಬಹಳ ಜನ. ಡಬ್ಬಿ ಓದಿ ಹಾಕಿ.

ಇನ್ನು ಜೀವದ ವಿಷಯ. ಮುಂದಿನ ತೋಳು ಎತ್ತಿ ಅದರ ಕೆಳಗೆ ಕೆಲಸ ಮಾಡುವುದಾದರೆ ತೋಳು ಕೆಳಗೆ ಬೀಳದಂತೆ ತಡೆಯುವ ಸೇಫ್ಟಿ ಸ್ಟ್ರಟ್ ಅನ್ನು ಸಿಲಿಂಡರ್ ರಾಡಿಗೆ ಹಾಕದೆ ಕಾಲಿಡಬೇಡಿ. ಹಳೆ ಗಾಡಿಗಳಲ್ಲಿ ಅದು ಕಳೆದೇ ಹೋಗಿರುತ್ತದೆ. ಇಲ್ಲದಿದ್ದರೆ ಗಾಡಿ ತಂದ ಮೊದಲ ವಾರದಲ್ಲೇ ತರಿಸಿ. ಹೋಸ್ ಎಲ್ಲಿ ಸೋರುತ್ತಿದೆ ಅಂತ ಬೆರಳಿನಿಂದ ಸವರಿ ಹುಡುಕಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗೆ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ. ಬೂಮ್ ನೆಟ್ಟಗೆ ಎತ್ತಿದರೆ ಐದು ಮೀಟರಿಗಿಂತ ಮೇಲೆ ಹೋಗುತ್ತದೆ. ಹೊಲದ ಮೇಲೆ ಬೆಸ್ಕಾಂ ಲೈನ್ ಜೋತು ಬಿದ್ದಿದ್ದರೆ ಅದರ ಹತ್ತಿರ ತೋಡಲೇಬೇಡಿ. ಮಕ್ಕಳನ್ನು ಬಕೆಟ್ ಮೇಲೆ ಕೂರಿಸಿ ಫೋಟೋ ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಜಾಸ್ತಿ. ಅದನ್ನು ನಮ್ಮ ಮನೆಯಲ್ಲಿ ಮೊದಲ ದಿನವೇ ನಿಲ್ಲಿಸಿದೆವು.

ಹೊಳಲ್ಕೆರೆ ತೋಟ

ಅಕ್ಕ, ನಿಮ್ಮ ಮಾತು ಅಣ್ಣನಿಗೂ ಓದಿ ಹೇಳಿದೆ. ಎರಡೂ ಗಾಡಿ ನೋಡಿ ಬಂದೆವು.

ಚಳ್ಳಕೆರೆಯದರಲ್ಲಿ ಕಿಂಗ್ ಪೋಸ್ಟ್ ಕೆಳಗೆ ಟಾರ್ಚ್ ಹಾಕಿದರೆ, ಬಣ್ಣದ ಅಡಿಯಲ್ಲಿ ತಗಡಿನ ತೇಪೆ ಅಂಚು ಕೈಗೆ ಸಿಕ್ಕಿತು. ಎರಡು ಪಿನ್ ತಲೆ ಸುತ್ತ ವೆಲ್ಡಿಂಗ್. ಅಲ್ಲಿಂದ ಹೊರಟು ಬಂದೆವು.

ದಾವಣಗೆರೆಯದು ತಣ್ಣಗೇ ಇತ್ತು, ಎರಡನೇ ಸೆಲ್ಫಿಗೆ ಹತ್ತಿತು, ಹೊಗೆ ಶುದ್ಧ. ಗೇರ್ ತಕ್ಷಣ ಎಳೆಯುತ್ತದೆ. ಒಂದು ಗಂಟೆ ತೋಡಿಸಿದ ಮೇಲೆ ನೀವು ಹೇಳಿದ್ದೇ ಆಯಿತು. ಬೂಮ್ ಎತ್ತುತ್ತಾ ಡಿಪ್ಪರ್ ಎಳೆದರೆ ಬೂಮ್ ನಿಂತು ಬಿಡುತ್ತದೆ. ಗೇಜ್ ಹಾಕಿಸಿ ನೋಡಿದಾಗ ಬಿಸಿಯಲ್ಲಿ ಒತ್ತಡ ಕಮ್ಮಿ. ಮೆಕ್ಯಾನಿಕ್ ಒತ್ತಡ ಮಿತಿಯಲ್ಲಿಡುವ ರಿಲೀಫ್ ವಾಲ್ವ್ ಬಿಚ್ಚಿ ನೋಡಿ, ಅದು ಸರಿ ಇದೆ, ಪಂಪೇ ಸವೆದಿದೆ ಅಂದರು. ಬಕೆಟ್ ಪಿನ್ನುಗಳು ಆಡುತ್ತವೆ, ಕಿಂಗ್ ಪೋಸ್ಟ್ ಗಟ್ಟಿ ಇದೆ. ಆರ್‌ಸಿ ನವೀಕರಣ ಆಗಿದೆ, ಸಾಲ ಇಲ್ಲ. ಪಂಪ್ ತೋರಿಸಿಯೇ ಮಾತಾಡಿದೆವು, ಐದು ಲಕ್ಷದ ಎಂಬತ್ತು ಸಾವಿರಕ್ಕೆ ಮುಗಿಯಿತು. ಈಗ ಪಂಪ್ ತರಿಸಿದ್ದೇವೆ. ಹಳೆಯದನ್ನು ಬಿಚ್ಚಿ ಹೊಸದು ಕೂರಿಸಿದರೆ ಸಾಕಾ?

ಪಿ.ಬಿ. ರಸ್ತೆ ಗ್ಯಾರೇಜ್

ಸಾಕಾಗುವುದಿಲ್ಲ, ಈಗಲೇ ಕೂರಿಸಬೇಡಿ. ಹಳೆ ಪಂಪ್ ಸವೆದ ಕಬ್ಬಿಣದ ಪುಡಿ ಎಲ್ಲ ಟ್ಯಾಂಕಿನ ತಳದಲ್ಲಿದೆ. ಹಾಗೇ ಹೊಸದು ಹಾಕಿದರೆ ಅದೇ ಪುಡಿ ಎಳೆದುಕೊಂಡು ಅದೂ ಹೋಗುತ್ತದೆ.

ಮೊದಲು ಎರಡೂ ಕಡೆಯ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರ್ ಎಲ್ಲ ಆಡಿಸಿ ಒತ್ತಡ ಬಿಡಿ. ಎಣ್ಣೆ ಪೂರ್ತಿ ಇಳಿಸಿ. ನೂರು ಲೀಟರ್ ಮೇಲೆ ಬರುತ್ತದೆ, ಡ್ರಮ್ ಸಿದ್ಧ ಇರಲಿ, ಹೊಲಕ್ಕೆ ಬಿಡಬೇಡಿ. ಟ್ಯಾಂಕ್ ಒಳಗಿನ ಸಕ್ಷನ್ ಜಾಲರಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಹರಿದಿದ್ದರೆ ಹೊಸದು. ಟ್ಯಾಂಕನ್ನು ದಾರ ಬಿಡದ ಬಟ್ಟೆಯಿಂದ ಒರೆಸಿ, ಹತ್ತಿ ಉಂಡೆ ಬೇಡ. ಪಂಪಿಗೆ ಬರುವ ದಪ್ಪ ಸಕ್ಷನ್ ಹೋಸ್ ಒಳಪದರ ಬಿರುಕು ಬಿಟ್ಟಿದೆಯಾ ನೋಡಿ. ಅಲ್ಲಿ ಗಾಳಿ ಎಳೆದರೆ ಹೊಸ ಪಂಪ್ ಕಿರುಚುತ್ತದೆ. ಫಿಲ್ಟರ್ ಹೊಸದು, ಎಣ್ಣೆ ಪುಸ್ತಕದಲ್ಲಿ ಹೇಳಿದ ಗ್ರೇಡಿನದು. ಪಂಪ್ ಕೂರಿಸಿ ಅದರೊಳಗೂ ಎಣ್ಣೆ ತುಂಬಿಸಿ, ಐಡ್ಲಿಂಗ್‌ನಲ್ಲೇ ಹತ್ತು ನಿಮಿಷ ಬಿಟ್ಟು, ಒಂದೊಂದೇ ಸಿಲಿಂಡರ್ ನಿಧಾನಕ್ಕೆ ಆಡಿಸಿ ಗಾಳಿ ತೆಗೆಯಿರಿ. ಐವತ್ತು ಗಂಟೆ ಓಡಿದ ಮೇಲೆ ಫಿಲ್ಟರ್ ಇನ್ನೊಂದು ಸಲ ಬದಲಿಸಿ. ಬಿಚ್ಚಿದ ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ನೋಡಿ, ಹೊಳೆಯುವ ಚೂರು ಇದ್ದರೆ ಫೋಟೋ ಇಲ್ಲಿ ಹಾಕಿ.

ಹರಿಹರ ಲೇತ್

ಗಾಡಿ ಟ್ಯಾಂಕ್ ಖಾಲಿ ಮಾಡಿ ನಿಂತಿರುವಾಗಲೇ ಬಕೆಟ್ ಪಿನ್ನುಗಳನ್ನು ಬಿಚ್ಚಿ ಕಳಿಸಿ ಸರ್, ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಬಕೆಟ್ ಕೆಳಗೆ ಮರದ ದಿಮ್ಮಿ ಕೊಟ್ಟು ಬಿಚ್ಚಿ. ಹಳೆ ಪಿನ್ ಎಸೆಯಬೇಡಿ, ಸವೆಯದ ತುದಿಯ ಅಳತೆ ಬೇಕಾಗುತ್ತದೆ.